ಎಟಿವಿ ಎತ್ತರ ಮಾಡಿಸೋದಾ, ಅಗಲ ಮಾಡಿಸೋದಾ?

ಎಟಿವಿ, ಅಂದರೆ ಗುಡ್ಡ ಕೆಸರಿನಲ್ಲಿ ಓಡುವ ಬೈಕಿನಂಥ ನಾಲ್ಕು ಚಕ್ರದ ಗಾಡಿ, ತಂದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ಕಡೆ ಎಲ್ಲರಿಗೂ ಒಂದೇ ಆಸೆ ಹುಟ್ಟುತ್ತದೆ. ಗಾಡಿಯನ್ನು ಇನ್ನೆರಡು ಇಂಚು ಎತ್ತರ ಮಾಡಿಸಬೇಕು. ಗುಡ್ಡದ ದಾರಿಯಲ್ಲಿ ಹೊಟ್ಟೆ ಕಲ್ಲಿಗೆ ತಾಗುತ್ತದೆ, ಕಾದಿಗೆ (ತೋಟದ ನೀರು ಹರಿಯುವ ಚರಂಡಿ) ದಾಟುವಾಗ ಮಧ್ಯಕ್ಕೇ ಕೂತುಬಿಡುತ್ತದೆ, ರೆಸಾರ್ಟಿನವರ ಗಾಡಿ ನೋಡಿದರೆ ಆನೆ ಥರ ನಿಂತಿರುತ್ತದೆ. ನನಗೂ ಆಸೆ ಹುಟ್ಟಿತ್ತು. ಮಾಡಿಸಿದೆ. ನಾಲ್ಕೇ ತಿಂಗಳಲ್ಲಿ ಬಿಚ್ಚಿಸಿದೆ.

ನನ್ನ ಗಾಡಿ ಓಡುವ ಜಾಗ ಎಂಥದ್ದು ಅಂತ ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ನಡುವೆ ಧರೆ ಕಡಿದು ಮಾಡಿದ ಕೆಮ್ಮಣ್ಣಿನ ಗಾಡಿದಾರಿ. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲದ ಮೇಲೆ ಸಣ್ಣ ಕಲ್ಲು ಉರುಳುತ್ತವೆ, ಮಳೆಗಾಲದಲ್ಲಿ ಅದೇ ಕಲ್ಲಿಗೆ ಹಾವಸೆ ಕಟ್ಟುತ್ತದೆ. ಬಯಲಲ್ಲಿ ಹಾರಿಸುವವರಿಗೆ, ರೇಸ್ ಹುಚ್ಚಿನವರಿಗೆ ನಾನು ಹೇಳುವುದು ಹೊಂದುವುದಿಲ್ಲ.

ತೀರ್ಮಾನವನ್ನೂ ಈಗಲೇ ಹೇಳಿಬಿಡುತ್ತೇನೆ. ಮೊದಲು ಇರುವುದನ್ನು ಸರಿ ಮಾಡಿಕೊಳ್ಳಿ. ಆಮೇಲೂ ಸಾಲದಿದ್ದರೆ ಸ್ವಲ್ಪ ಅಗಲ. ಎತ್ತರದ ಯೋಚನೆ ಎಲ್ಲಕ್ಕಿಂತ ಕೊನೆಗೆ.

ಸ್ವಲ್ಪ ಲೆಕ್ಕ

ಎಡ ಬಲ ಚಕ್ರಗಳ ನಡುವೆ 1 ಮೀಟರ್ ಅಂತರ, ಸವಾರನೂ ಸೇರಿ ಒಟ್ಟು ಭಾರದ ಕೇಂದ್ರ ನೆಲದಿಂದ 60 ಸೆಂ.ಮೀ. ಮೇಲೆ ಅಂದುಕೊಳ್ಳಿ. ಅಂಥ ಗಾಡಿ ಅಡ್ಡ ಇಳಿಜಾರಿನಲ್ಲಿ, ಕಾಗದದ ಲೆಕ್ಕದ ಪ್ರಕಾರ, ಸುಮಾರು 40 ಡಿಗ್ರಿಗೆ ಮಗುಚುತ್ತದೆ. ಭಾರ 5 ಸೆಂ.ಮೀ. ಮೇಲೆ ಹೋದರೆ, ಅಂದರೆ ಹತ್ತಿರ ಹತ್ತಿರ ಎರಡು ಇಂಚು, ಅದು 37 ಡಿಗ್ರಿ ಚಿಲ್ಲರೆಗೆ ಇಳಿಯುತ್ತದೆ. 10 ಸೆಂ.ಮೀ. ಹೋದರೆ 35 ಚಿಲ್ಲರೆ. ಎರಡು ಡಿಗ್ರಿ ತಾನೆ, ಅದೇನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಮೇಲಿನ ಪಕ್ಕದ ಚಕ್ರ 15 ಸೆಂ.ಮೀ. ಎತ್ತರದ ಒಂದು ಕಲ್ಲನ್ನೋ ಬೊಡ್ಡೆಯನ್ನೋ ಹತ್ತಿದರೆ ಅದೊಂದೇ 8 ಡಿಗ್ರಿಗಿಂತ ಜಾಸ್ತಿ ವಾಲಿಸುತ್ತದೆ. ಅದೇ ಹೊತ್ತಿಗೆ ಕೆಳಗಿನ ಪಕ್ಕದ ಸ್ಪ್ರಿಂಗ್ ಕುಗ್ಗುತ್ತದೆ, ಟೈರ್ ಚಪ್ಪಟೆಯಾಗುತ್ತದೆ, ಹಿಂದೆ ಕ್ಯಾನಿನಲ್ಲಿರುವ ಔಷಧಿ ಕೆಳಪಕ್ಕಕ್ಕೆ ತುಳುಕುತ್ತದೆ. ಎಲ್ಲ ಕೂಡಿದಾಗ ಉಳಿಯುವ ಅಂತರದಲ್ಲಿ ಆ ಎರಡು ಡಿಗ್ರಿ ದೊಡ್ಡದೇ.

ಈಗ 5 ಸೆಂ.ಮೀ. ಎತ್ತರಿಸಿದ ಗಾಡಿಗೆ ಒಟ್ಟು 10 ಸೆಂ.ಮೀ. ಅಗಲ ಕೊಡಿ. ಮತ್ತೆ 40 ಡಿಗ್ರಿಗೆ ಬರುತ್ತದೆ. 5 ಸೆಂ.ಮೀ. ಎತ್ತರದ ಸಾಲ ತೀರಿಸಲು 8ರಿಂದ 10 ಸೆಂ.ಮೀ. ಅಗಲ ಬೇಕು ಅಂತಾಯಿತು.

ಎತ್ತರ ಮಾಡಿಸಿದ್ದ ನನ್ನ ಗಾಡಿ ಮಗುಚಿದ್ದು ಹೀಗೇ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕಾಲ. ಹಿಂದಿನ ಕ್ಯಾರಿಯರ್ ಮೇಲೆ ಮೈಲುತುತ್ತದ ದ್ರಾವಣ ತುಂಬಿದ ಎರಡು ಕ್ಯಾನು. ದಾರಿ ಅಡ್ಡಕ್ಕೆ ವಾಲಿದ ಕಡೆ ಮೇಲಿನ ಚಕ್ರ ದರಕಿನ, ಅಂದರೆ ಒಣಗಿದ ಎಲೆಯ, ಅಡಿ ಕಾಣದ ಬೊಡ್ಡೆ ಹತ್ತಿತು. ನಿಧಾನಕ್ಕೆ, ಯೋಚಿಸಲು ಸಮಯ ಕೊಟ್ಟು, ಮಗುಚಿತು. ನಾನು ಹಾರಿ ಕಾದಿಗೆಗೆ ಬಿದ್ದೆ, ಗಾಡಿ ಅಡಿಕೆ ಮರಕ್ಕೆ ಒರಗಿ ನಿಂತಿತು. ನನಗೆ ಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬಟ್ಟೆ ಮಾತ್ರ ಪೂರ್ತಿ ನೀಲಿ. ಮನೆಯಲ್ಲಿ ಇವತ್ತಿಗೂ ಅದನ್ನೇ ಹೇಳಿ ನಗುತ್ತಾರೆ.

ದುಡ್ಡಿಲ್ಲದ ಕೆಲಸ ಮೊದಲು

1970ರಲ್ಲಿ ಹೋಂಡಾ ಅಮೆರಿಕದಲ್ಲಿ ಮಾರಿದ ಎಟಿವಿಗೆ ಮೂರೇ ಚಕ್ರ, ಏಟು ತಡೆಯುವ ಸ್ಪ್ರಿಂಗು, ಶಾಕಿನ ಸಸ್ಪೆನ್ಷನ್ ಅನ್ನುವುದೇ ಇರಲಿಲ್ಲ. ಬಲೂನಿನಂಥ ಟೈರೇ ಎಲ್ಲ ಏಟು ತಿನ್ನುತ್ತಿತ್ತು. ಮೂರು ಚಕ್ರದವು ಮಗುಚಿ ಮಗುಚಿ ಕೊನೆಗೆ 1988ರಲ್ಲಿ ಅಲ್ಲಿ ಹೊಸದನ್ನು ಮಾರುವುದೇ ನಿಂತಿತು. ಆ ಕಥೆ ಇರಲಿ. ಇವತ್ತಿನ ಗಾಡಿಯಲ್ಲೂ ಮೊದಲ ಸಸ್ಪೆನ್ಷನ್ ಟೈರೇ. ಅದನ್ನು ಮರೆತು ಶಾಕ್ ಬದಲಿಸುವವರು ಜಾಸ್ತಿ.

ಎಟಿವಿ ಟೈರಿಗೆ ಬೇಕಾದ ಗಾಳಿಯ ಒತ್ತಡ ಸಾಮಾನ್ಯವಾಗಿ 3ರಿಂದ 7 ಪಿಎಸ್‌ಐ. ನಿಮ್ಮ ಗಾಡಿಯದು ಎಷ್ಟು ಅಂತ ಮಡ್‌ಗಾರ್ಡ್ ಹತ್ತಿರದ ಸ್ಟಿಕ್ಕರಿನಲ್ಲೋ ಪುಸ್ತಕದಲ್ಲೋ ಇರುತ್ತದೆ. ಪಂಕ್ಚರ್ ಅಂಗಡಿಯ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ಬೈಕಿಗೆ ಹೊಡೆಯುವ ಹಾಗೆ 25 ಹೊಡೆದು ಕಳಿಸುತ್ತಾನೆ. ಆಮೇಲೆ ಗಾಡಿ ಫುಟ್ಬಾಲ್ ಹಾಗೆ ಪುಟಿಯುತ್ತದೆ, ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ, ನಾವು ಶಾಕ್ ಹಾಳಾಯಿತು ಅಂತ ಶಿವಮೊಗ್ಗಕ್ಕೆ ಹೋಗುತ್ತೇವೆ. ಅಂಗಡಿಯ ಮಾಮೂಲಿ ಮೀಟರು ಇಷ್ಟು ಕಡಿಮೆ ಗಾಳಿಯನ್ನು ಸರಿಯಾಗಿ ತೋರಿಸುವುದೂ ಇಲ್ಲ. ಕಡಿಮೆ ಒತ್ತಡದ ಗೇಜ್ ಒಂದು ತಂದಿಟ್ಟುಕೊಳ್ಳಿ. ಎಡ ಬಲ ಎರಡೂ ಒಂದೇ ಸಮ ಇರಲಿ. 5 ಪಿಎಸ್‌ಐ ಇರಬೇಕಾದ ಕಡೆ ಒಂದು ಪಿಎಸ್‌ಐ ವ್ಯತ್ಯಾಸ ಅಂದರೆ ಐದರಲ್ಲಿ ಒಂದು ಪಾಲು, ಗಾಡಿ ಒಂದು ಕಡೆ ಎಳೆಯಲು ಅಷ್ಟು ಸಾಕು.

ಎರಡನೆಯದು ಸ್ಪ್ರಿಂಗಿನ ಕೂರುವಿಕೆ. ಗಾಡಿಯನ್ನು ಜಾಕ್ ಕೊಟ್ಟು ಚಕ್ರ ಜೋತಾಡುವ ಹಾಗೆ ಎತ್ತಿ. ಚಕ್ರದ ನಡುವಿನಿಂದ ನೇರ ಮೇಲಿನ ಮಡ್‌ಗಾರ್ಡಿನ ಅಂಚಿಗೆ ಅಳತೆ ತೆಗೆಯಿರಿ. ಆಮೇಲೆ ಇಳಿಸಿ, ದಿನಾ ಹೊರುವ ಸಾಮಾನು ಹಾಕಿ, ನೀವೇ ಕೂತು, ಬೇರೆಯವರ ಹತ್ತಿರ ಅದೇ ಅಳತೆ ತೆಗೆಸಿ. ಕೆಲಸದ ಎಟಿವಿಗಳಲ್ಲಿ ಚಕ್ರ ಮೇಲೆ ಕೆಳಗೆ ಆಡುವ ಜಾಗ ಸಾಮಾನ್ಯವಾಗಿ 18ರಿಂದ 25 ಸೆಂ.ಮೀ. ಇರುತ್ತದೆ. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಕೂತರೆ ಸರಿ. ಹಿಂದೆ ಅರ್ಧ ಕೂತರೆ ಆ ಭಾಗ ಜಗ್ಗಿ ಮುಂದಿನ ಚಕ್ರ ಹಗುರಾಗಿದೆ ಅಂತ ಅರ್ಥ, ಏರಿನಲ್ಲಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಶಾಕಿನ ರಿಂಗ್ ತಿರುಗಿಸಿ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಮಾಣ, ಹೆಚ್ಚಿಸಿ. ಒಂದು ವಿಷಯ ಮಾತ್ರ ನೆನಪಿರಲಿ. ಪ್ರಿಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿ ಸ್ವಲ್ಪ ಎತ್ತರ ನಿಲ್ಲುತ್ತದೆ ಅಷ್ಟೇ. ರಿಂಗನ್ನು ಕೊನೆಯವರೆಗೆ ತಿರುಗಿಸಿದರೂ ಗಾಡಿ ಕೂರುತ್ತಿದ್ದರೆ ಆಗ ಗಟ್ಟಿ ಸ್ಪ್ರಿಂಗ್ ಬೇಕು.

ಮೂರನೆಯದು ಮುಂದಿನ ಚಕ್ರಗಳ ಟೋ, ಅಂದರೆ ಅವು ಎಷ್ಟು ಒಳಗೆ ಅಥವಾ ಹೊರಗೆ ನೋಡುತ್ತವೆ ಅನ್ನುವುದು. ಎರಡೂ ಟೈರಿನ ನಡುಗೆರೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆಕ್ಸಲ್ ಎತ್ತರದಲ್ಲಿ ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ ತೆಗೆಯಿರಿ. ಮುಂದಿನ ಅಳತೆ ಕಡಿಮೆ ಇದ್ದರೆ ಚಕ್ರಗಳು ಒಳಗೆ ನೋಡುತ್ತಿವೆ, ಜಾಸ್ತಿ ಇದ್ದರೆ ಹೊರಗೆ. ಹೊರಗೆ ಜಾಸ್ತಿ ನೋಡಿದರೆ ಗಾಡಿ ಚಂಚಲ, ನೆಟ್ಟಗಿನ ದಾರಿಯಲ್ಲೂ ಅತ್ತಿತ್ತ ಹುಡುಕುತ್ತದೆ. ಎಷ್ಟಿರಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಪುಸ್ತಕ ನೋಡಿ. ಅಳೆಯುವ ಮೊದಲು ಬಾಲ್ ಜಾಯಿಂಟು (ಚಕ್ರ ತಿರುಗುವ ಕೀಲು), ಟೈ ರಾಡ್ (ಹ್ಯಾಂಡಲಿನಿಂದ ಚಕ್ರ ತಿರುಗಿಸುವ ಕಂಬಿ) ತುದಿ, ಎ-ಆರ್ಮ್ (ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳು) ಬುಷ್ ಮೂರೂ ಅಲುಗಾಡುತ್ತಿಲ್ಲ ಅಂತ ನೋಡಿಕೊಳ್ಳಿ. ನಮ್ಮ ಕೆಸರಿಗೆ ಬುಷ್ ಬೇಗ ತಿನ್ನುತ್ತದೆ. ಸವೆದ ಬುಷ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸುವುದು ಸೋರುವ ಕೊಡಕ್ಕೆ ನೀರು ಹೊತ್ತ ಹಾಗೆ. ನಾನು ಮೂರು ಸಲ ಹೊತ್ತಿದ್ದೇನೆ. ಮೂರನೇ ಸಲ ಮೆಕ್ಯಾನಿಕ್ ಹೇಳಿದ, "ಗೌಡ್ರೇ, ಟೈ ರಾಡ್ ಸರಿಯಿದೆ, ನಿಮ್ಮ ರಸ್ತೆನೇ ಸರಿಯಿಲ್ಲ." ಬುಷ್ ನೋಡು ಮಾರಾಯ ಅಂದ ಮೇಲೆ ನೋಡಿದ. ನಾಲ್ಕೂ ಹೋಗಿತ್ತು.

ಎತ್ತರ ಮಾಡುವ ಮೂರು ದಾರಿ

ಸ್ಪ್ರಿಂಗ್ ಮೇಲೆ ಸ್ಪೇಸರ್ (ನಡುವೆ ಇಡುವ ಬಿಲ್ಲೆ) ಕೂರಿಸುವುದು ಅಗ್ಗ. ಗಾಡಿ ಎದ್ದು ನಿಲ್ಲುತ್ತದೆ, ಆದರೆ ಚಕ್ರಕ್ಕೆ ಕೆಳಗೆ ಇಳಿಯಲು ಜಾಗ ಉಳಿಯುವುದಿಲ್ಲ. ಗುಂಡಿ ಸಿಕ್ಕಾಗ ಚಕ್ರ ಗುಂಡಿಗೆ ಇಳಿಯುವ ಬದಲು ಗಾಳಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿರುವ ಚಕ್ರ ಎಳೆಯುವುದೂ ಇಲ್ಲ, ತಿರುಗಿಸುವುದೂ ಇಲ್ಲ.

ಬ್ರ್ಯಾಕೆಟ್ ಹಾಕಿ ಶಾಕ್ ಕೂರುವ ಜಾಗವನ್ನೇ ಬದಲಿಸುವುದು ಎರಡನೆಯದು. ನಾನು ಮಾಡಿಸಿದ್ದು ಇದೇ, ಲೇತಿನಲ್ಲಿ ಹೇಳಿ ಮಾಡಿಸಿದ ಬ್ರ್ಯಾಕೆಟ್. ಇದರಲ್ಲಿ ಎ-ಆರ್ಮ್‌ಗಳು ಕೆಳಗೆ ಬಾಗಿ ನಿಲ್ಲುತ್ತವೆ. ಟೈ ರಾಡಿನ ತುದಿ ಸುತ್ತುವ ವೃತ್ತ ಬೇರೆ, ಎ-ಆರ್ಮ್ ಸುತ್ತುವ ವೃತ್ತ ಬೇರೆ. ಕಂಪನಿಯವರು ಗಾಡಿ ಸಾಮಾನ್ಯವಾಗಿ ನಿಲ್ಲುವ ಎತ್ತರದಲ್ಲಿ ಅವೆರಡನ್ನೂ ಹೊಂದಿಸಿರುತ್ತಾರೆ. ನಾವು ಆ ಎತ್ತರ ಕೆಡಿಸಿದರೆ ಪ್ರತಿ ಉಬ್ಬಿಗೂ ಚಕ್ರ ತಾನೇ ಒಂದಿಷ್ಟು ತಿರುಗುತ್ತದೆ. ಹ್ಯಾಂಡಲ್ ನೀವು ಹಿಡಿದಿದ್ದೀರಿ, ತಿರುಗಿಸುತ್ತಿರುವುದು ರಸ್ತೆ. ನಾಲ್ಕು ತಿಂಗಳು ನನ್ನ ಹೆಬ್ಬೆರಳು ನೋಯುತ್ತಿದ್ದದ್ದು ಇದಕ್ಕೇ ಅಂತ ಬಿಚ್ಚಿಸಿದ ಮೇಲೆ ತಿಳಿಯಿತು. ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಇನ್ನೊಂದು ತಲೆನೋವು ಸಿವಿ ಜಾಯಿಂಟು, ಅಂದರೆ ಬಾಗಿದರೂ ಚಕ್ರಕ್ಕೆ ಬಲ ಸಾಗಿಸುವ ಆಕ್ಸಲಿನ ಕೀಲು. ಕೋನ ಜಾಸ್ತಿಯಾಗಿ ರಬ್ಬರ್ ಬೂಟ್ ಬೇಗ ಹರಿಯುತ್ತದೆ, ಒಳಗೆ ಕೆಸರು ಹೋಗುತ್ತದೆ, ಆಮೇಲೆ ತಿರುವಿನಲ್ಲೆಲ್ಲ ಟಕ್ ಟಕ್ ಸದ್ದು.

ಮೂರನೆಯದು ದೊಡ್ಡ ಟೈರು. 25 ಇಂಚಿನ ಬದಲು 27 ಹಾಕಿದರೆ ಆಕ್ಸಲ್ ಏರುವುದು ಒಂದೇ ಇಂಚು. ಎ-ಆರ್ಮ್, ಟೈ ರಾಡಿನ ಕೋನ ಕೆಡುವುದಿಲ್ಲ, ಅದು ಒಳ್ಳೆಯದು. ಆದರೆ ಹ್ಯಾಂಡಲ್ ಭಾರ, ಎಂಜಿನ್ನಿನ ಬಲ ಚಕ್ರಕ್ಕೆ ಸಾಗಿಸುವ ಬೆಲ್ಟಿಗೆ ಜಾಸ್ತಿ ಕೆಲಸ, ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೋ ಕಾಲಿಡುವ ತಟ್ಟೆಗೋ ಉಜ್ಜಬಹುದು. ಎತ್ತರ ಬೇಕೇ ಬೇಕು ಅನ್ನುವವರಿಗೆ ಮೂರರಲ್ಲಿ ನಾನು ಹೇಳುವುದು ಇದನ್ನೇ, ಅದೂ ಒಂದೇ ಸೈಜು ದೊಡ್ಡದು.

ಇಷ್ಟೆಲ್ಲ ಯಾಕೆ, ಹೊಟ್ಟೆ ತಾಗುವುದೇ ಕಷ್ಟ ಆಗಿದ್ದರೆ ಹೊಟ್ಟೆಗೆ ಗಟ್ಟಿ ತಟ್ಟೆ ಹಾಕಿಸಿ. ಕಲ್ಲಿನ ಮೇಲೆ ಜಾರಿಕೊಂಡು ದಾಟುತ್ತದೆ. ಆ ಭಾರವೂ ಕೆಳಗೇ ಇರುತ್ತದೆ. ನಾನು ಈಗ ಹಾಗೇ ಓಡಿಸುತ್ತಿದ್ದೇನೆ.

ಅಗಲ: ಸ್ಪೇಸರ್ ಅಥವಾ ಉದ್ದದ ಎ-ಆರ್ಮ್

ಚಕ್ರ ಮತ್ತು ಹಬ್ ನಡುವೆ ಸ್ಪೇಸರ್ ಹಾಕುವುದು ಅರ್ಧ ದಿನದ ಕೆಲಸ. ಒಂದೊಂದು ಬದಿಗೆ ಒಂದೂವರೆ ಇಂಚು ಹಾಕಿದರೆ ಒಟ್ಟು ಅಗಲ 76 ಮಿ.ಮೀ. ಹೆಚ್ಚುತ್ತದೆ. ಅಡ್ಡ ಇಳಿಜಾರಿನಲ್ಲಿ ಕೂತಾಗಲೇ ವ್ಯತ್ಯಾಸ ತಿಳಿಯುತ್ತದೆ, ಮೈ ಬಿಗಿ ಹಿಡಿಯುವುದು ಕಡಿಮೆಯಾಗುತ್ತದೆ. ಆದರೆ ಮುಂದಿನ ಚಕ್ರ ತಿರುಗುವ ಕೀಲಿನಿಂದ ಟೈರು ಅಷ್ಟು ದೂರ ಹೋಯಿತಲ್ಲ, ಕಲ್ಲಿಗೆ ಬಡಿದಾಗ ಅದು ಉದ್ದದ ಸನಿಕೆ ಹಿಡಿದು ಎಳೆದ ಹಾಗೆ ಹ್ಯಾಂಡಲ್ ಎಳೆಯುತ್ತದೆ. ಬೇರಿಂಗಿಗೂ ಬಾಲ್ ಜಾಯಿಂಟಿಗೂ ಹೊರೆ ಜಾಸ್ತಿ. ನಟ್ಟುಗಳನ್ನು ಹಾಕಿದ ಮರುದಿನವೇ ಒಮ್ಮೆ, ಆಮೇಲೆ ಆಗಾಗ ಬಿಗಿ ನೋಡಲೇಬೇಕು.

ಉದ್ದದ ಎ-ಆರ್ಮ್ ಹಾಕಿದರೆ ಕೀಲೂ ಚಕ್ರದ ಜೊತೆಗೇ ಹೊರಗೆ ಹೋಗುತ್ತದೆ, ಹಾಗಾಗಿ ಆ ಎಳೆತ ಬರುವುದಿಲ್ಲ. ಸ್ಟೀರಿಂಗ್ ಮೊದಲಿನಷ್ಟೇ ಚೊಕ್ಕ. ಆದರೆ ಟೈ ರಾಡ್ ಉದ್ದ ಬೇಕು, ನಾಲ್ಕು ಚಕ್ರ ಎಳೆಯುವುದಾದರೆ ಆಕ್ಸಲ್ ಶಾಫ್ಟ್ ಉದ್ದ ಬೇಕು, ಬ್ರೇಕ್ ಪೈಪ್ ಉದ್ದ ಬೇಕು. ಸನ್ನೆ ಉದ್ದವಾದಷ್ಟೂ ಹಳೇ ಸ್ಪ್ರಿಂಗ್ ಮೆದುವಾದ ಹಾಗೆ ವರ್ತಿಸುತ್ತದೆ, ಅದನ್ನೂ ಬದಲಿಸಬೇಕು. ಖರ್ಚು ಎಲ್ಲಿಗೋ ಹೋಗುತ್ತದೆ. ತೋಟದ ಕೆಲಸಕ್ಕೆ ಇದು ಬೇಡ ಅಂತ ನನ್ನ ಅನಿಸಿಕೆ. ದಿನವಿಡೀ ವೇಗವಾಗಿ ಓಡಿಸುವವರಿಗೆ ಸರಿ.

ಎಷ್ಟು ಅಗಲ ಮಾಡಬಹುದು ಅನ್ನುವುದನ್ನು ನಿರ್ಧರಿಸುವುದು ನಿಮ್ಮ ಸಂಕ (ಕಾದಿಗೆ ದಾಟುವ ಸಣ್ಣ ಸೇತುವೆ) ಮತ್ತು ಉಣಗೋಲು (ತೋಟದ ಬೇಲಿಯ ಬಾಗಿಲು). ಅಡಿಕೆಗೆ ಹೇಳುವ ಅಂತರ 9 ಅಡಿಗೆ 9 ಅಡಿ, ಅಲ್ಲಿ ಜಾಗಕ್ಕೆ ಬರವಿಲ್ಲ ಅನಿಸುತ್ತದೆ. ಆದರೆ ಸಾಲಿನ ನಡುವೆ ಕಾದಿಗೆ ಇದೆ, ಬುಡಕ್ಕೆ ಮಣ್ಣು ಏರಿಸಿದ್ದಾರೆ, ಹಳೇ ತೋಟದಲ್ಲಿ ಸತ್ತ ಮರದ ಪಕ್ಕ ಇನ್ನೊಂದು ನೆಟ್ಟಿದ್ದಾರೆ, ಕಾಳುಮೆಣಸಿನ ಬಳ್ಳಿ ಬೇರೆ. ಓಡಾಡುವ ಪಟ್ಟಿ ಅಳೆದು ನೋಡಿ, ಗಾಬರಿಯಾಗುತ್ತದೆ. ಇನ್ನೊಂದು ತಪ್ಪು ಹಿಂದಿನ ಚಕ್ರಕ್ಕೆ ಮಾತ್ರ ಸ್ಪೇಸರ್ ಹಾಕುವುದು. ನಾವು ದಾರಿ ಅಂದಾಜು ಮಾಡುವುದು ಮುಂದಿನ ಚಕ್ರ ನೋಡಿಕೊಂಡು. ತಿರುವಿನಲ್ಲಿ ಹಿಂದಿನ ಚಕ್ರ ಮೊದಲೇ ಒಳಗೆ ಕೊರೆದುಕೊಂಡು ಬರುತ್ತದೆ, ಅದರ ಮೇಲೆ ಅಗಲವೂ ಆದರೆ ಮುಂದಿನದು ದಾಟಿದ ಸಂಕದಿಂದ ಹಿಂದಿನದು ಕೆಳಗೆ. ನಮ್ಮ ಭಾವನ ಗಾಡಿ ಹೀಗೆ ಎರಡು ಸಲ ಇಳಿದಿದೆ. ಎರಡು ಸಲವೂ ಎತ್ತಿದ್ದು ನಾವೇ, ಉಂಬಳ (ಜಿಗಣೆ) ಕಚ್ಚಿಸಿಕೊಂಡು.

ಶಾಕು, ಆಂಟಿರೋಲ್ ಬಾರು

ಒಳ್ಳೆಯ ಗ್ಯಾಸ್ ಶಾಕ್ ಹಾಕಿಸುವುದು ದುಬಾರಿ, ಆದರೆ ದುಡ್ಡು ಕೊಟ್ಟಿದ್ದು ಕೈಗೆ ತಿಳಿಯುವ ಬದಲಾವಣೆ ಇದೊಂದೇ ಅನ್ನಬಹುದು. ಮಾಮೂಲಿ ಶಾಕ್ ಉದ್ದದ ಕಲ್ಲುದಾರಿಯಲ್ಲಿ ಕಾದು ಹೋಗಿ ಹಿಡಿತ ಬಿಡುತ್ತದೆ, ಆಮೇಲೆ ಗಾಡಿ ತೇಲಾಡುತ್ತದೆ. ಕುಗ್ಗಿದ ಶಾಕ್ ಮತ್ತೆ ಮೇಲೇಳುವ ವೇಗ ಹೊಂದಿಸುವ ರಿಬೌಂಡ್ ತಿರುಪು ಇದ್ದರೆ ಒಂದೊಂದೇ ಕ್ಲಿಕ್ ಬದಲಿಸಿ ನೋಡಿ. ತೀರಾ ನಿಧಾನ ಮಾಡಿದರೆ ಒಂದರ ಹಿಂದೊಂದು ಉಬ್ಬು ಬಂದಾಗ ಶಾಕಿಗೆ ಮೇಲೇಳಲು ಹೊತ್ತೇ ಸಿಗದೆ ಗಾಡಿ ಕೂರುತ್ತಾ ಕೂರುತ್ತಾ ಹೋಗುತ್ತದೆ. ತೀರಾ ಬೇಗ ಮಾಡಿದರೆ ಒದೆಯುತ್ತದೆ.

ಕೆಲವು ಗಾಡಿಗೆ ಹಿಂದೆ ಆಂಟಿರೋಲ್ ಬಾರ್, ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸಿ ಗಾಡಿ ವಾಲುವುದನ್ನು ತಡೆಯುವ ಕಂಬಿ, ಇರುತ್ತದೆ. ಬಿಚ್ಚಿಹಾಕಿ, ಚಕ್ರ ಚೆನ್ನಾಗಿ ಆಡುತ್ತದೆ ಅಂತ ಸಲಹೆ ಕೊಡುವವರಿದ್ದಾರೆ. ನಿಜ, ಗುಂಡಿ ಕಲ್ಲಿನ ನೆಟ್ಟಗಿನ ದಾರಿಯಲ್ಲಿ ಹಿಡಿತ ಹೆಚ್ಚುತ್ತದೆ. ಆದರೆ ತಿರುವಿನಲ್ಲಿ, ಅಡ್ಡ ಇಳಿಜಾರಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ. ಕ್ಯಾರಿಯರ್ ಮೇಲೆ ಭಾರ ಹೊರುವವರು ಅದನ್ನು ಮುಟ್ಟಬೇಡಿ.

ಕೊಳ್ಳುವಾಗಲೇ ನೋಡಬೇಕಾದ್ದು

ಹಿಂದಿನ ಆಕ್ಸಲ್ ಯಾವ ಥರದ್ದು ಅನ್ನುವುದನ್ನು ಆಮೇಲೆ ಬದಲಿಸಲು ಆಗುವುದಿಲ್ಲ. ಒಂದೇ ಕಂಬಿಯ ಗಟ್ಟಿ ಆಕ್ಸಲ್ ಇದ್ದರೆ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ, ಹಾಗಾಗಿ ಕಾಂಕ್ರೀಟ್ ರಸ್ತೆಯಲ್ಲೋ ಒಣಗಿದ ಅಂಗಳದಲ್ಲೋ ತಿರುಗಿಸಿದರೆ ಗಾಡಿ ಮುಂದಕ್ಕೇ ತಳ್ಳುತ್ತದೆ. ಮೈಯನ್ನು ತಿರುವಿನ ಒಳಗಡೆಗೆ ವಾಲಿಸಿ, ಸ್ವಲ್ಪ ಮುಂದೆ ಜರುಗಿದರೆ ತಿರುಗುತ್ತದೆ. ಕೆಸರಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಚಕ್ರ ಸುಮ್ನೆ ಜಾರಿಕೊಳ್ಳುತ್ತದೆ. ಟ್ರೈಲರ್ ಎಳೆಯಲು ಗಟ್ಟಿ ಆಕ್ಸಲ್ ಒಳ್ಳೆಯದು, ಭಾರ ಬಿದ್ದರೂ ಆಕ್ಸಲ್ ಕೆಳಗಿನ ಅಂತರ ಕಡಿಮೆಯಾಗುವುದಿಲ್ಲ. ಎರಡೂ ಚಕ್ರ ಬೇರೆ ಬೇರೆ ಆಡುವ ಗಾಡಿಯಲ್ಲಿ ಬೆನ್ನಿಗೆ ಸುಖ, ಕಲ್ಲಿನ ಮೇಲೆ ನಾಲ್ಕೂ ಚಕ್ರ ನೆಲ ಹಿಡಿಯುತ್ತವೆ, ಆದರೆ ಭಾರಕ್ಕೆ ಹಿಂದೆ ಕೂರುತ್ತದೆ, ತಿರುವಿನಲ್ಲಿ ವಾಲುತ್ತದೆ. ಹಾಗಂತ ಬೇರೆ ಬೇರೆ ಆಡುತ್ತದೆ ಅಂದ ಮಾತ್ರಕ್ಕೆ ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇದೆ ಅಂತಲ್ಲ, ಅದನ್ನು ಕೇಳಿ ತಿಳಿದುಕೊಳ್ಳಿ.

ಚಾಸಿಗೆ ವೆಲ್ಡಿಂಗ್

ಗಾಡಿ ಒಂದು ಕಡೆ ಎಳೆಯುತ್ತಿದೆ, ಅಲೈನ್‌ಮೆಂಟ್ ಎಷ್ಟು ಮಾಡಿದರೂ ನಿಲ್ಲುತ್ತಿಲ್ಲ ಅಂದರೆ ಚಾಸಿ ನೋಡಿ. ಎ-ಆರ್ಮ್ ಕೂರುವ ಕಿವಿಗಳ ಹತ್ತಿರ ಬಿರುಕು ಬರುವುದು ಮಾಮೂಲು. ತೊಳೆದು ಒಣಗಿಸಿ ನೋಡಿದರೆ ಬಿರುಕಿನಿಂದ ತುಕ್ಕಿನ ಗೆರೆ ಇಳಿದಿರುತ್ತದೆ. ಆಮೇಲೆ ಟೇಪ್ ಹಿಡಿದು ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಅಳತೆ ಮಾಡಿ. ಬಾಗಿಲ ಚೌಕಟ್ಟು ಸರಿಯಿದೆಯಾ ಅಂತ ಬಡಗಿ ನೋಡುವ ಕ್ರಮವೇ ಇದು. ಎರಡೂ ಅಳತೆ ಸಮ ಬರದಿದ್ದರೆ ಚಾಸಿ ಸೊಟ್ಟಗಾಗಿದೆ.

ಬಲ ಕೊಡಲು ತಟ್ಟೆ ಬೆಸೆಯುವುದು ಒಳ್ಳೆಯದೇ, ಆದರೆ ಅದರಲ್ಲೂ ಹದ ಬೇಕು. ತೆಳು ಪೈಪಿಗೆ ಗ್ರಿಲ್ ಕೆಲಸದವರ ದಪ್ಪ ರಾಡಿನಲ್ಲಿ ಬೆಸೆದರೆ ಪೈಪೇ ಸುಟ್ಟು ಸೊರಗುತ್ತದೆ. ರಾಡಿನ ಬದಲು ತೆಳು ತಂತಿಯಲ್ಲಿ ಬೆಸೆಯುವ ಮಿಗ್ ವೆಲ್ಡಿಂಗ್ ಇರುವ ಕಡೆ ಹೋಗಿ. ತಟ್ಟೆಯ ತುದಿ ನೆಟ್ಟಗೆ ಕತ್ತರಿಸದೆ ಮೀನಿನ ಬಾಲದ ಹಾಗೆ ಇರಲಿ, ಇಲ್ಲದಿದ್ದರೆ ಬಲವೆಲ್ಲ ತಟ್ಟೆ ಮುಗಿಯುವ ಗೆರೆಯ ಮೇಲೆ ಬಿದ್ದು ಹೊಸ ಬಿರುಕು ಅಲ್ಲೇ ಬರುತ್ತದೆ. ಬ್ಯಾಟರಿ ಬಿಚ್ಚಿದ ಮೇಲೆಯೇ ವೆಲ್ಡಿಂಗ್ ಶುರು ಮಾಡಿಸಿ, ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕನೆಕ್ಟರನ್ನೂ ತೆಗೆಸಿ. ನನಗೆ ಬ್ರ್ಯಾಕೆಟ್ ಮಾಡಿಕೊಟ್ಟ ಗ್ಯಾರೇಜಿನಲ್ಲಿ ಇದ್ಯಾವುದನ್ನೂ ಮಾಡಿರಲಿಲ್ಲ, ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ.

ಮುಂದೆ ದೊಡ್ಡ ಬಂಪರು, ವಿಂಚು (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಹಾಕಿದರೆ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡುವುದಿಲ್ಲ, ಅದು ಲಾಭ. ಇಳಿಜಾರಿನಲ್ಲಿ ಅದೇ ಭಾರ ಮುಂದಕ್ಕೆ ಬೀಳುತ್ತದೆ, ಮುಂದಿನ ಸ್ಪ್ರಿಂಗ್ ಪ್ರಿಲೋಡ್ ಬದಲಿಸಲು ಮರೆಯಬೇಡಿ. ಪವರ್ ಸ್ಟೀರಿಂಗ್, ಸ್ಟೀರಿಂಗ್ ಡ್ಯಾಂಪರ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಕೈ ನೋವು ಕಡಿಮೆ ಮಾಡುತ್ತವೆ. ಕೆಟ್ಟ ಕೋನವನ್ನು ಮುಚ್ಚಿಡುತ್ತವೆ, ಸರಿ ಮಾಡುವುದಿಲ್ಲ.

ಒಬ್ಬರಿಗೇ ಮಾಡಿದ ಸೀಟಿನಲ್ಲಿ ಹಿಂದೆ ಇನ್ನೊಬ್ಬರನ್ನು ಕೂರಿಸುವುದೂ ಒಂಥರಾ ಮಾಡಿಫಿಕೇಶನ್ನೇ, ಅದರಲ್ಲೂ ಅತೀ ಕೆಟ್ಟದ್ದು. ಭಾರ ಹಿಂದೆ, ಮೇಲೆ, ಸವಾರನಿಗೆ ಮೈ ವಾಲಿಸಲು ಜಾಗವಿಲ್ಲ. ತೋಟಕ್ಕೆ ಬಂದ ನೆಂಟರು ಎಷ್ಟು ಕೇಳಿದರೂ ಒಪ್ಪಬೇಡಿ. ಟ್ರ್ಯಾಕ್ಟರ್ ಅಂತ ನೋಂದಣಿ ಆದ ಗಾಡಿ ಇದ್ದವರು ಇನ್ನೊಂದು ನೋಡಿಕೊಳ್ಳಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ ಬದಲಿಸಿ, ಅದೇ ದಾರಿಯಲ್ಲಿ, ಅದೇ ಭಾರ ಹೊತ್ತು ಓಡಿಸಿ ನೋಡಿ. ಸ್ಪೇಸರ್, ಟೈರ್, ಶಾಕ್ ಮೂರೂ ಒಟ್ಟಿಗೆ ಹಾಕಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೇ ಗೊತ್ತು. ಸದ್ಯ ನನ್ನ ಗಾಡಿಯಲ್ಲಿ ಕಂಪನಿಯ ಎತ್ತರ, ಹೊಟ್ಟೆಗೆ ತಟ್ಟೆ, ಹಿಂದೆ ಸ್ವಲ್ಪ ಗಟ್ಟಿ ಸ್ಪ್ರಿಂಗ್, ನಾಲ್ಕೂ ಚಕ್ರಕ್ಕೆ ಒಂದೊಂದು ಇಂಚಿನ ಸ್ಪೇಸರ್ ಇದೆ. ಔಷಧಿ ಕ್ಯಾನು ಈಗ ಕ್ಯಾರಿಯರ್ ಮೇಲಿಲ್ಲ, ಹಿಂದೆ ಸಣ್ಣ ಟ್ರೈಲರಿನಲ್ಲಿದೆ. ಕೆಳಗಿನ ತೋಟದ ಉಣಗೋಲಿನ ಕಂಬ ಮಾತ್ರ ನಾಲ್ಕು ಬೆರಳು ಸರಿಸಿ ನೆಡಬೇಕಾಯಿತು.